ಅಪ್ಪ ಸುಲಿದ ಈರುಳ್ಳಿ

ನೌಸಾ,
ಭಾನುವಾರ, 30 ನವೆಂಬರ್ 1997

ಪ್ರೀತಿಯ ಅಣ್ಣ ಸ್ತೇರ್ಗಿಯೋಸನಿಗೆ,

ಕ್ಷೇಮವಾಗಿದ್ದೀ ಎಂದು ನಂಬಿದ್ದೇನೆ. ವೋಲೋಸಿನಲ್ಲಿ ಈಗ ಸಮುದ್ರದ ಗಾಳಿ ಶುರುವಾಗಿರುತ್ತದೆ. ಬಂದರಿಗೆ ಕೆಲಸಕ್ಕೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀಯೋ ಇಲ್ಲವೋ. ಚಿಕ್ಕಂದಿನಿಂದಲೂ ನಿನಗೆ ಗಾಳಿ ತಾಗಿದರೆ ಎಡಗಿವಿ ನೋಯುತ್ತಿತ್ತು. ಅಮ್ಮ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದದ್ದು ಜ್ಞಾಪಕವಿದೆ.

ಈ ಕಾಗದ ತಡವಾಯಿತು. ಮಿನಾಸ್ ಸಂತರ ದಿನ ಬರುವ ಅಪ್ಪನ ಹೆಸರಿನ ಹಬ್ಬದ ಮಾರನೆಯ ದಿನವೇ ಬರೆಯಬೇಕಿತ್ತು. ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಎರಡು ಮಾತಾಡಿ ಇಟ್ಟುಬಿಡುವುದು ನಿನಗೆ ಗೊತ್ತೇ ಇದೆ. ಮೇಲಾಗಿ ನಮ್ಮ ಫೋನು ಇರುವುದು ಅಪ್ಪನ ಕುರ್ಚಿಯ ಪಕ್ಕದಲ್ಲಿ. ತಡ ಮಾಡಿದ್ದಕ್ಕೆ ಕ್ಷಮಿಸು.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ವೆರ್ಮಿಯೋ ಬೆಟ್ಟದ ತಲೆಗೆ ಹಿಮ ಬಿದ್ದಿದೆ. ಕೆಳಮಹಡಿಯ ದೋಮ್ನಾ ಅತ್ತೆಯ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಹೈಸ್ಕೂಲಿನ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದೇನೆ. ಪಾಠ ಹೇಳುವಾಗ ನನ್ನ ದನಿ ಕೇಳಿಸುವುದಿಲ್ಲವಂತೆ. ಒಬ್ಬ ಹುಡುಗಿ ನಗುತ್ತಾ, ‘ಮಿಸ್, ನೀವು ಪದ್ಯ ಓದ್ತಿದ್ದೀರೋ ಗುಟ್ಟು ಹೇಳ್ತಿದ್ದೀರೋ?’ ಎಂದು ಕೇಳಿದಳು.

ಮುಖ್ಯ ಸುದ್ದಿ ಅಪ್ಪನದು. ಅಪ್ಪ ಸ್ತಿಫಾದೊ ಮಾಡಿದ. ನಗಬೇಡ, ನಿಜ. ನಮ್ಮ ಅಪ್ಪ ಮಿನಾಸ್, ನೀರು ಕಾಯಿಸಲೂ ಇನ್ನೊಬ್ಬರನ್ನು ಕರೆಯುತ್ತಿದ್ದವನು, ಅಮ್ಮನ ಮಣ್ಣಿನ ಪಾತ್ರೆ ಕೆಳಗಿಳಿಸಿ ದನದ ಮಾಂಸ, ಸಣ್ಣ ಈರುಳ್ಳಿ ಹಾಕಿ ತನ್ನ ಕೈಯಾರೆ ಬೇಯಿಸಿದ. ಯಾಕೆ ಮಾಡಿದ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಮ್ಮನ ನಲವತ್ತನೆಯ ದಿನದ ಊಟದಲ್ಲಿ ನೀನು ಆಡಿದ ಮಾತನ್ನು ನಾನು ಮರೆತಿಲ್ಲ; ಅವನೂ ಮರೆತಿಲ್ಲ. ‘ಆ ಒಲೆ ಮುಂದೆ ನಿಂತು ನಿಂತೇ ಸತ್ಲು ಅವ್ಳು. ಇಷ್ಟು ವರ್ಷದಲ್ಲಿ ನೀನು ಒಂದು ಈರುಳ್ಳಿನಾದ್ರೂ ಸುಲಿದು ಕೊಟ್ಟಿದ್ದೀಯಾ?’ ಎಂದೆ ನೀನು, ಪಾದ್ರಿಯ ಎದುರಿಗೆ, ಬಂಧುಗಳೆಲ್ಲರ ಎದುರಿಗೆ. ಅಪ್ಪ ಕರವಸ್ತ್ರ ಮಡಿಚಿ ಮೇಜಿನ ಮೇಲಿಟ್ಟು, ‘ಹಾಗಾದ್ರೆ ಇನ್ಮೇಲೆ ನನ್ನ ಹೊಸಿಲು ತುಳೀಬೇಡ’ ಎಂದ. ಎರಡು ವರ್ಷವಾಯಿತು. ನೀನು ತುಳಿಯಲಿಲ್ಲ, ಅವನು ಕರೆಯಲಿಲ್ಲ.

ಈ ತಿಂಗಳ ಮೊದಲಲ್ಲಿ ಅಪ್ಪ ಸಂತೆಯಿಂದ ಒಂದು ಚೀಲ ಹೊತ್ತು ತಂದು ಅಡುಗೆಮನೆಯ ನೆಲದ ಮೇಲೆ ಇಳಿಸಿದ.

‘ಏನಪ್ಪಾ ಇದು?’

‘ಈರುಳ್ಳಿ. ಇಷ್ಟು ಓದಿದ್ದೀಯ, ಕಣ್ಣು ಕಾಣಲ್ವಾ?’

ಎಲ್ಲವೂ ಗೋಲಿಯಷ್ಟು ಸಣ್ಣವು, ಅಮ್ಮ ಆರಿಸುತ್ತಿದ್ದಂಥವು. ಮೊದಲ ಸಲ ಮಾಡಿದ್ದು ಕೆಟ್ಟಿತು. ಮಾಂಸ ಕೆಂಪಗೆ ಹುರಿದ, ಟೊಮೇಟೊ, ವೈನು, ವಿನೆಗರ್, ದಾಲ್ಚಿನ್ನಿ ಎಲ್ಲ ಸರಿಯಾಗಿ ಹಾಕಿದ. ಆಮೇಲೆ ಮರದ ಚಮಚ ತೆಗೆದುಕೊಂಡು, ಬಸ್ಸಿನ ಗೇರು ಬದಲಿಸುವವನ ಹಾಗೆ, ಹತ್ತು ನಿಮಿಷಕ್ಕೊಮ್ಮೆ ತಿರುವಿದ. ಈರುಳ್ಳಿ ಹಾಕಿದ ಮೇಲೆ ಚಮಚ ಮುಟ್ಟಿಸಬಾರದು, ಪಾತ್ರೆಯ ಎರಡು ಕಿವಿ ಹಿಡಿದು ಅಲುಗಿಸಬೇಕು ಎಂಬುದು ಈ ಮನೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತು ನೋಡುತ್ತಿದ್ದೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಗ ಯೋಚಿಸಲೂ ಇಲ್ಲ.

ದೋಮ್ನಾ ಅತ್ತೆ ಒಳಮೆಟ್ಟಿಲು ಹತ್ತಿ ಬಂದು ಮುಚ್ಚಳ ತೆಗೆದು ನೋಡಿದಳು. ‘ಇದು ಸ್ತಿಫಾದೊ ಅಲ್ಲ ಮಿನಾಸ್, ಗಂಜಿ. ಹಲ್ಲಿಲ್ಲದೋರಿಗೆ ಕೊಡು.’

‘ಹಾಗಾದ್ರೆ ನೀನೇ ತಗೊಂಡು ಹೋಗು’ ಎಂದ ಅಪ್ಪ.

‘ಚಮಚ ಯಾವನು ಹಾಕಿದ್ದು? ಹುಡುಗಿ ಪಕ್ಕದಲ್ಲೇ ಇದ್ದಾಳೆ, ಕೇಳೋಕೇನು ಧಾಡಿ?’

ಅಪ್ಪ ನನ್ನ ಕಡೆ ನೋಡಿದ. ನಾನು ಪುಸ್ತಕದ ಪುಟ ತಿರುವಿದೆ. ಅವನು ಚಮಚ ತೊಳೆದು ಮೊಳೆಗೆ ನೇತುಹಾಕಿದ.

ಎರಡನೆಯ ಸಲ ಮಾಡಿದ್ದು ಹಬ್ಬದ ದಿನ, ಹನ್ನೊಂದರಂದು. ಬೆಳಗ್ಗೆ ಚರ್ಚಿಗೆ ಹೋಗಿ ಬಂದು, ಬಿಳಿ ಅಂಗಿಯ ತೋಳು ಮಡಿಚಿ, ಬಾಲ್ಕನಿಯ ಪೆಟ್ಟಿಗೆಯಲ್ಲಿ ಏನೋ ಹುಡುಕಿದ. ತಿರುಗಿ ಬಂದಾಗ ಅವನ ಕಣ್ಣಿಗೆ ನಿನ್ನ ಮೋಟಾರ್ ಸೈಕಲ್ಲಿನ ಕನ್ನಡಕ ಇತ್ತು, ರಬ್ಬರಿನ ಪಟ್ಟಿಯದು. ಅದನ್ನು ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ಈರುಳ್ಳಿ ಸುಲಿಯತೊಡಗಿದ. ದೋಮ್ನಾ ಅತ್ತೆ ನೋಡಿ, ‘ಎಲ್ಲಿಗೆ ಹಾರ್ತೀಯ, ಅಥೆನ್ಸಿಗಾ?’ ಎಂದು ಕೇಳಿದಳು. ಅವನು ಇನ್ನೊಂದು ಈರುಳ್ಳಿ ಎತ್ತಿಕೊಂಡ.

‘ಅಮ್ಮ ಮೊದ್ಲು ಬಿಸಿನೀರಿಗೆ ಹಾಕ್ತಿದ್ಲು ಅಪ್ಪ. ಸಿಪ್ಪೆ ಸಡಿಲಾಗತ್ತೆ’ ಎಂದೆ, ಈ ಸಲ.

‘ಬೇಡ. ಹಾಗೇ ಸುಲೀತೀನಿ.’

‘ನಾನೊಂದಿಷ್ಟು ಸುಲೀಲಾ?’

‘ಮುಟ್ಬೇಡ. ಒಂದನ್ನೂ ಮುಟ್ಬೇಡ ನೀನು.’

ಗದರಿ ಹೇಳಲಿಲ್ಲ. ಕೈಯಲ್ಲಿದ್ದುದನ್ನು ಯಾರೋ ಕಸಿದುಕೊಳ್ಳುತ್ತಾರೆ ಎನ್ನುವ ಹಾಗೆ ಹೇಳಿದ. ಬಸ್ಸಿನ ಸ್ಟಿಯರಿಂಗ್ ಹಿಡಿದು ದಪ್ಪಗಾದ ಆ ಬೆರಳುಗಳಲ್ಲಿ ಈರುಳ್ಳಿ ಜಾರಿ ಜಾರಿ ಹೋಗುತ್ತಿತ್ತು. ಮೇಜಿನ ಕೆಳಗೆ ಬಗ್ಗಿ ಹೆಕ್ಕಿಕೊಂಡು ಮತ್ತೆ ಸುಲಿಯುತ್ತಿದ್ದ. ಕನ್ನಡಕದ ಗಾಜಿಗೆ ಒಳಗಿನಿಂದ ಹಬೆ ಕಟ್ಟಿತ್ತು. ಈರುಳ್ಳಿಯ ಖಾರ ಅದರೊಳಗೆ ಹೋಗುವ ಹಾಗಿರಲಿಲ್ಲ, ಅಣ್ಣ. ಹೀಗೆ ಬರೆದು ನಿನ್ನ ಮನಸ್ಸು ಕರಗಿಸಲು ನೋಡುತ್ತಿದ್ದೇನೆ ಎಂದುಕೊಳ್ಳಬೇಡ. ಕಂಡದ್ದು ಬರೆದೆ.

ಒಲೆ ಸಣ್ಣದು ಮಾಡಿ, ಮುಚ್ಚಳದ ಕೆಳಗೆ ಎಣ್ಣೆಕಾಗದ ಇಟ್ಟು, ಮಧ್ಯಾಹ್ನವೆಲ್ಲ ಕಾವಲು ಕೂತ. ಚಮಚ ಮೊಳೆಯಲ್ಲೇ ಇತ್ತು. ಆಗಾಗ ಎದ್ದು ಪಾತ್ರೆಯ ಕಿವಿ ಹಿಡಿದು, ನಿದ್ದೆಹೋದ ಮಗುವನ್ನು ಎಬ್ಬಿಸದೆ ಮಗ್ಗಲು ತಿರುಗಿಸುವ ಹಾಗೆ ಅಲುಗಿಸುತ್ತಿದ್ದ. ಲವಂಗ, ಬೇ ಎಲೆ, ಹುಳಿ ವೈನು ಸೇರಿದ ಆ ವಾಸನೆ ಸೋಫಾದ ಬಟ್ಟೆಗೂ ಹತ್ತಿತು. ಅಮ್ಮ ಈಗ ತಾನೆ ಬಾಲ್ಕನಿಗೆ ಹೋಗಿದ್ದಾಳೆ ಅನ್ನಿಸುತ್ತಿತ್ತು.

ಸಂಜೆ ಅವನೇ ಹೋಗಿ ಬೀದಿಬಾಗಿಲ ಮೇಲಿನ ದೀಪ ಹಾಕಿದ. ಅಮ್ಮ ಹೋದಮೇಲೆ ಎರಡು ಹಬ್ಬಗಳಲ್ಲಿ ಆ ದೀಪ ಹಚ್ಚಿರಲಿಲ್ಲ. ಶೋಕದ ಮನೆ, ಯಾರೂ ಬರಲೂ ಇಲ್ಲ. ಈ ಸಲ ಒಳಕೋಣೆಯ ದೊಡ್ಡ ಮೇಜಿಗೆ ಬಟ್ಟೆ ಹಾಸಿದ, ಲೋಟ ಒರೆಸಿದ. ‘ಯಾರ್ಯಾರು ಬರ್ತಾರೆ ಅಪ್ಪ?’ ಎಂದು ಕೇಳಿದೆ. ‘ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯಲ್ಲ. ದೀಪ ನೋಡ್ತಾರೆ, ಬರೋರು ಬರ್ತಾರೆ’ ಎಂದ. ಇನ್ನೊಂದು ಲೋಟ ಒರೆಸುತ್ತಾ, ನನ್ನ ಕಡೆ ನೋಡದೆ, ‘ಕರೆದಿಲ್ಲ ಅನ್ನೋ ಹಾಗೂ ಇಲ್ಲ, ಬರಬೇಡ ಅಂದಿದ್ರು ಅನ್ನೋ ಹಾಗೂ ಇಲ್ಲ, ಇವತ್ತು’ ಎಂದ. ಯಾರ ವಿಷಯ ಎಂದು ನಾನು ಕೇಳಬೇಕಾಗಿರಲಿಲ್ಲ.

ಯಾರೂ ಬರಲಿಲ್ಲ.

ಅದಕ್ಕೆ ಕಾರಣ ನಾನು. ಹಿಂದಿನ ದಿನ ಬೇಕರಿಯ ಕುಲಾ ಅಕ್ಕ ಅಂಗಡಿಯಲ್ಲಿ ಎಲ್ಲರೆದುರು, ‘ನಾಳೆ ಮಿನಾಸ್ ದೀಪ ಹಚ್ತಾರಾ, ಅರೆತಿ?’ ಎಂದು ಕೂಗಿ ಕೇಳಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕಣ್ಣಿಗೆ ಒಳಕೋಣೆ ತುಂಬ ಜನ, ನಾನು ತಟ್ಟೆ ಹಿಡಿದು ಒಬ್ಬೊಬ್ಬರ ಎದುರು ನಿಲ್ಲುವುದು, ‘ಮದುವೆ ಯಾವಾಗ, ಕೆಲಸ ಯಾವಾಗ’ ಎನ್ನುವುದು ಎಲ್ಲ ಬಂದುಹೋಯಿತು. ‘ಇಲ್ಲ ಅಕ್ಕ, ಈ ವರ್ಷವೂ ಇಲ್ಲ’ ಎಂದುಬಿಟ್ಟೆ. ಬ್ರೆಡ್ಡು ತೆಗೆದುಕೊಂಡು ಬಂದೆ. ಕುಲಾ ಅಕ್ಕನಿಗೆ ಹೇಳಿದರೆ ಊರಿಗೇ ಹೇಳಿದ ಹಾಗೆ.

ಬಂದವಳು ದೋಮ್ನಾ ಅತ್ತೆ ಒಬ್ಬಳೇ, ಅದೂ ಒಳಮೆಟ್ಟಿಲಿನಿಂದ. ಏಳು ಗಂಟೆಯ ಹೊತ್ತಿಗೆ ಬಾಗಿಲ ದೀಪವೂ ಆರಿತು. ಅಪ್ಪ ಗಮನಿಸಿದಾಗ ಎಂಟಾಗಿತ್ತು. ‘ಬಲ್ಬು ಹೋಗಿರ್ಬೇಕು’ ಎಂದೆ. ಅವನು ಮೇಜಿನ ಮುಂದೆ ಕೂತು ನಮಗಿಬ್ಬರಿಗೂ ಬಡಿಸಿದ. ಈರುಳ್ಳಿ ಒಂದೂ ಒಡೆದಿರಲಿಲ್ಲ. ಹೊಳೆಯುತ್ತಿತ್ತು, ಬಾಯಿಗಿಟ್ಟರೆ ಕರಗುತ್ತಿತ್ತು. ಅತ್ತೆ ಮೊದಲ ತುತ್ತು ನುಂಗಿ, ಬ್ರೆಡ್ಡಿನ ಚೂರಿನಿಂದ ತಟ್ಟೆಯ ರಸ ಒರೆಸಿ ತಿಂದಳು. ಆಮೇಲೆ, ‘ಅವಳದ್ದಕ್ಕೆ ಉಪ್ಪು ಒಂದು ಚಿಟಿಕೆ ಜಾಸ್ತಿ ಇರ್ತಿತ್ತು’ ಎಂದಳು. ಅಪ್ಪ, ‘ಗೊತ್ತು’ ಎಂದ. ಅವನು ತಿಂದದ್ದು ಅರ್ಧ ತಟ್ಟೆ.

ಉಳಿದದ್ದರಲ್ಲಿ ಒಂದು ಡಬ್ಬಿ ತುಂಬಿ ಫ್ರೀಜರಿನಲ್ಲಿ ಇಟ್ಟಿದ್ದಾನೆ. ಹದಿನೈದರಿಂದ ಕ್ರಿಸ್ಮಸ್ಸಿನ ಉಪವಾಸ ಹಿಡಿದಿದ್ದಾನೆ. ಮಾಂಸ ಮುಟ್ಟುವುದಿಲ್ಲ; ದಿನವೂ ಬೀನ್ಸ್ ಕಾಳು, ಬೇಳೆ. ಮೊನ್ನೆ ಅತ್ತೆ ಮೊಣಕಾಲಿಗೆ ಐಸು ತೆಗೆಯಲು ಬಂದವಳು ಡಬ್ಬಿ ನೋಡಿ, ‘ಉಪವಾಸ ಹಿಡಿದೋನ ಮನೇಲಿ ದನದ ಮಾಂಸ ಇಟ್ಕೊಂಡು ಕೂತಿದ್ದೀಯಲ್ಲೋ. ಬೆಕ್ಕಿಗಾದ್ರೂ ಹಾಕು’ ಎಂದಳು. ಅಪ್ಪ ಎದ್ದು ಫ್ರೀಜರಿನ ಬಾಗಿಲು ಮುಚ್ಚಿದ. ‘ಅದು ನಂದಲ್ಲ’ ಎಂದ.

ಅಣ್ಣ, ಹೆಸರಿನ ಹಬ್ಬದ ಶುಭಾಶಯವನ್ನು ನಲವತ್ತು ದಿನದೊಳಗೆ ಯಾವಾಗ ಹೇಳಿದರೂ ಸಲ್ಲುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ. ಇನ್ನೂ ದಿನಗಳಿವೆ. ನೀನು ಬಂದರೆ ಅಪ್ಪ ಏನೂ ಮಾತಾಡದೆ ಡಬ್ಬಿ ಹೊರಗೆ ತೆಗೆದಿಡುತ್ತಾನೆ. ಅಷ್ಟೇ ಮಾಡುತ್ತಾನೆ. ಅಷ್ಟನ್ನು ನೀನು ಅರ್ಥ ಮಾಡಿಕೊಳ್ಳುತ್ತೀಯ.

ಮೈ ನೋಡಿಕೋ. ಕಿವಿ ಮುಚ್ಚಿಕೋ. ಮಿನಾಸ್ ಸಂತರು ಕಳೆದದ್ದನ್ನು ತೋರಿಸಿಕೊಡುತ್ತಾರೆ ಎನ್ನುತ್ತಾರೆ. ಅವರು ನಿನ್ನ ದಾರಿಗೆ ಜೊತೆಯಾಗಿರಲಿ. ದೋಮ್ನಾ ಅತ್ತೆ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಬೈಗುಳ, ಅದನ್ನು ಬರೆಯುವುದಿಲ್ಲ.

ನಿನ್ನ ತಂಗಿ,
ಅರೆತಿ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲಾಗದೆಯೇ ಹಿಂದಿನ ಕಾಗದಗಳನ್ನೆಲ್ಲ ಹರಿದದ್ದು.

ಬಲ್ಬು ಹೋಗಿರಲಿಲ್ಲ. ನಾನು ಕಿಟಕಿಯಿಂದ ನಿನ್ನನ್ನು ನೋಡಿದೆ. ಎದುರಿಗೆ, ಬಾಗಿಲು ಹಾಕಿದ್ದ ಬೇಕರಿಯ ಚಪ್ಪರದ ಕೆಳಗೆ, ಕಂದು ಕೋಟಿನಲ್ಲಿ, ದಾರ ಕಟ್ಟಿದ ಮಿಠಾಯಿ ಡಬ್ಬಿ ಹಿಡಿದು ನಿಂತಿದ್ದೆ. ಸಿಗರೇಟು ಮುಗಿಯಲಿ ಎಂದು ಕಾಯುತ್ತಿದ್ದೆ. ಅಪ್ಪ ಅಡುಗೆಮನೆಯಲ್ಲಿ ಪಾತ್ರೆ ಅಲುಗಿಸುತ್ತಿದ್ದ. ‘ಅಪ್ಪ, ಅವನು ಬಂದ’ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು.

ಅಮ್ಮನ ಪಕ್ಕದಲ್ಲಿ ಕೂತು ಇಷ್ಟು ವರ್ಷ ಈರುಳ್ಳಿ ಸುಲಿದವಳು ನಾನು. ಎರಡು ವರ್ಷದಿಂದ ಅವನ ಅಂಗಿ ಇಸ್ತ್ರಿ ಮಾಡಿ, ಎದುರು ಕೂತು ಮಾತಿಲ್ಲದೆ ಉಂಡವಳು ನಾನು. ನನಗೆ ಪದವಿ ಬಂದ ದಿನ ‘ಒಳ್ಳೇದು’ ಎಂದು ಕಾಫಿ ಅಂಗಡಿಗೆ ಎದ್ದುಹೋದವನು, ಬೈದು ಹೋದ ಮಗನಿಗಾಗಿ ಒಂದು ಚೀಲ ಈರುಳ್ಳಿ ಸುಲಿದ. ಒಂದನ್ನೂ ನನಗೆ ಮುಟ್ಟಗೊಡಲಿಲ್ಲ. ನೀನು ಒಳಗೆ ಕಾಲಿಟ್ಟರೆ ಆ ಪಾತ್ರೆ ಪೂರ್ತಿ ನಿನ್ನದಾಗುತ್ತದೆ ಅನ್ನಿಸಿತು. ಕೈ ಸ್ವಿಚ್ಚಿಗೆ ಹೋಯಿತು. ನೀನು ತಲೆಯೆತ್ತಿ ನೋಡಿದೆ. ಸಿಗರೇಟು ಬಿಸಾಡಿ ಬಸ್ ನಿಲ್ದಾಣದ ಕಡೆ ತಿರುಗಿದೆ. ನಾನು ಪರದೆಯ ಹಿಂದೆಯೇ ನಿಂತಿದ್ದೆ.

ದೀಪ ಆರಿಸಿದ್ದು ಅಪ್ಪ ಎಂದು ಇಷ್ಟು ದಿನ ನೀನು ತಿಳಿದಿದ್ದೀಯ. ಅವನಲ್ಲ.

ಮಾರನೆಯ ಬೆಳಗ್ಗೆ ಅಪ್ಪ ಸ್ಟೂಲು ಹಾಕಿ ಬಲ್ಬು ಬಿಚ್ಚಿದ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದ. ತಂತಿ ಕಡಿದಿದ್ದರೆ ಸದ್ದಾಗಬೇಕು, ಆಗಲಿಲ್ಲ. ಸ್ಟೂಲಿನ ಮೇಲಿನಿಂದಲೇ ನನ್ನನ್ನು ನೋಡಿದ, ಬಹಳ ಹೊತ್ತು. ಆಮೇಲೆ ಅದೇ ಬಲ್ಬನ್ನು ಮತ್ತೆ ಅದೇ ಜಾಗದಲ್ಲಿ ತಿರುಗಿಸಿ ಕೂರಿಸಿ ಇಳಿದ. ಇವತ್ತಿನವರೆಗೆ ನನ್ನನ್ನು ಒಂದು ಮಾತೂ ಕೇಳಿಲ್ಲ. ಆ ದಿನದಿಂದ ಪ್ರತಿ ಸಂಜೆ ಕತ್ತಲಾಗುವ ಮೊದಲು ಅವನೇ ಹೋಗಿ ದೀಪ ಹಾಕುತ್ತಾನೆ. ಹಾಕಿ, ಕುರ್ಚಿಯನ್ನು ಸ್ವಿಚ್ಚಿನ ಪಕ್ಕಕ್ಕೆ ಎಳೆದುಕೊಂಡು ಕೂರುತ್ತಾನೆ.