ಆಸಿಯಮ್ಮನ ಜಳಕ

೨೦೧೮ ಜನವರಿ ೧೩, ಶನಿವಾರ

ವೇರ್‌ಹೌಸಿನ ವಾಶ್‌ರೂಮಲ್ಲಿ ಬೇಸಿನ್‌ಗೆ ಕಾಲು ಎತ್ತಿ, ನಮಾಜಿಗೆ ಮೊದಲು ಕೈಕಾಲು ಮುಖ ತೊಳಕೊಳ್ಳೂ ವುಜೂ ಮಾಡೂದು ರೂಢಿ ಆಗೇತಿ. ಈ ಪರದೇಶದಾಗ ಹೊರಗ ಮೈನಸ್ ಹದಿನೈದು. ಒದ್ದಿ ಕಾಲಿಗೆ ಸಾಕ್ಸ್ ಏರಿಸೂದ ಕಷ್ಟ.

ಕೆಲಸದ ಬ್ರೇಕಲ್ಲಿ ತಸ್ನೀಮ್ ಆಪಾ ಫೋನು. ತೀರಿಕೊಂಡ ಹೆಂಗಸರಿಗೆ ಮಸೀದಿಯಲ್ಲಿ ಕಡೀ ಜಳಕ ಮಾಡಸೂ ನಮ್ಮ ಟೀಮಿಗೆ ಅವರೇ ಹಿರಿಯರು. ನಾಳೆ ಹತ್ತಕ್ಕ ಬಾ ಅಂದ್ರು. ನನಗಿದು ಹನ್ನೊಂದನೇದು.

"ಹಲೀಮಾ, ಆಕೀ ಗಂಡ ನಿಮ್ಮ ಕರ್ನಾಟಕದವರು. ಉರ್ದು ಅಷ್ಟಕ್ಕಷ್ಟೇ."

ಜನವರಿ ೧೪, ಸಂಜೆ ೪

ತೀರಿಕೊಂಡಾಕಿ ಆಸಿಯಮ್ಮ, ಅರವತ್ತೆಂಟು. ಗಂಡ ಹಮ್ಮಬ್ಬ, ಉಪ್ಪಿನಂಗಡಿ ಕಡೆಯವರು. ಇಲ್ಲೇ ಬಾಜೂ ಊರು ಪಿಕರಿಂಗ್‌ನಿಂದ ಬಂದಿದ್ರು. ಅಂಗಿ ತೋಳು ಮಡಚಿ ಬಾಗಿಲಲ್ಲಿ ನಿಂತಿದ್ರು.

"ನಾನೇ ಮೀಯಿಸ್ತೇನೆ."

ಆಪಾ ಆಗೂದಿಲ್ಲ ಅಂದ್ರು. ನಮ್ಮಾಗ — ಹನಫಿ ಪದ್ಧತಿ ಮಂದ್ಯಾಗ — ಹೆಂಡತಿ ಸತ್ತ ಮ್ಯಾಲೆ ಗಂಡ ಮುಟ್ಟಂಗಿಲ್ಲ. ನೋಡಬಹುದು, ಅಷ್ಟ. ನಾನೂ ಹಂಗ ಕಲ್ತಾಕಿ. ಅದನ್ನ ಕನ್ನಡದಾಗ ಹೇಳ್ದೆ. ಅವರ ಮುಖ ನೋಡಲಿಲ್ಲ.

"ನಾವು ಶಾಫಿಗಳು ಮಗಾ. ನಮ್ಮಲ್ಲಿ ಉಂಟು." ದನಿ ಏರಿಸಲಿಲ್ಲ. "ಸ್ಟ್ರೋಕ್ ಆಗಿ ಮೂರು ವರ್ಷ ಮಲಗಿದ್ದಳು. ನರ್ಸು ಮೈ ಮುಟ್ಟಿದರೆ ಅಳ್ತಿದ್ದಳು. ನಾನೇ ಮೀಯಿಸಿದ್ದು, ದಿನಾ. ಇವತ್ತು ಬೇರೆಯವರ ಕೈಗೆ ಹೇಗೆ ಕೊಡುವುದು?"

ಇದನ್ನ ಆಪಾಗ ಉರ್ದುದಾಗ ಹೇಳೂವಾಗ ಎರಡ ಸಲ ನಿಂತೆ. ಆಪಾ ಇಮಾಮರಿಗೆ ಫೋನ್ ಹಚ್ಚಿದ್ರು. ಎರಡ ನಿಮಿಷ. ಅವರ ಪದ್ಧತಿಯಲ್ಲಿ ಸರಿ ಐತಿ, ತಡೀಬ್ಯಾಡ್ರಿ ಅಂದ್ರಂತ.

"ನಾ ಹೊರಗ ಕೂಡ್ತೀನಿ. ನೀ ಇರು," ಅಂದ್ರು ಆಪಾ.

ಹ್ಯಾಂಡ್ ಶವರ್ ನಾ ಹಿಡಿದೆ. ಹಮ್ಮಬ್ಬ ಮುಚ್ಚಿದ ಚಾದರ ತೆಗೀಲಿಲ್ಲ, ಅದರ ಕೆಳಗ ಕೈ ಹಾಕಿ ತೊಳದ್ರು. ಮೊದಲು ವುಜೂ. ಆಮ್ಯಾಲೆ ಬಲಮಗ್ಗಲು, ಎಡಮಗ್ಗಲು. ಮೂರು ಸಲ. ಕಡೀ ನೀರಿಗೆ ಕರ್ಪೂರ. ನಮ್ಮ ಟೀಮಲ್ಲಿ ಯಾರೂ ಅಷ್ಟು ಸಲೀಸಾಗಿ ಹೊರಳಸಂಗಿಲ್ಲ. ಎಡ ಭುಜದ ಹತ್ರ ಮಾತ್ರ ಕೈ ಭಾಳ ನಿಧಾನ.

"ಇಲ್ಲಿ ನೋವು ಅವಳಿಗೆ," ಅಂದ್ರು. ಈಗಲೂ ಇದ್ದಂಗ.

ಕೂದಲಾ ಮೂರು ಜಡಿ ಹೆಣೀಬೇಕು. ಅವರಿಗೆ ಬರಲಿಲ್ಲ. ಎರಡ ಸಲ ಬಿಚ್ಚಿದ್ರು. "ಇದೊಂದು ನೀನು ಮಾಡು ಮಗಾ."

ಹೆಣೆದೆ.

ಮನೀಗೆ ಬಂದು ನಾನೂ ತಲಿಮ್ಯಾಲೆ ನೀರು ಹಾಕ್ಕೊಂಡೆ. ಅಳು ಬಂದಿದ್ದು ಆವಾಗ.

ಜನವರಿ ೧೭

ಆಪಾ ಗ್ರೂಪಲ್ಲಿ ಮೆಸೇಜ್ ಹಾಕ್ಯಾರ: ಇನ್ನ ಮ್ಯಾಲೆ ಹನಫಿಯೋ ಶಾಫಿಯೋ ಅಂತ ಫಾರ್ಮಲ್ಲೇ ಕೇಳೂಣು. ಎಲ್ಲಾರೂ ಓಕೆ ಅಂದ್ರು. ನಾನೂ.

ಫೆಬ್ರವರಿ ೪, ಭಾನುವಾರ, ಮಧ್ಯಾಹ್ನ

ನನ್ನ ಗಂಡ ಮೌಲಾಲಿಗೆ ಹೆಣದ ಸುದ್ದಿ ಆಗಂಗಿಲ್ಲ. ನನ್ನ ಲಗ್ನ ಆದಾಗಿಂದ ಹಂಗ — ಮಸೀದಿಯಿಂದ ಬಂದ್ರ ಏನೂ ಕೇಳಂಗಿಲ್ಲ, ಟಿವಿ ಹಚ್ತಾನ. ಇವತ್ತ ಊಟಕ್ಕ ಕುಂತಾಗ ನಾನಾಗೇ ಹೇಳ್ದೆ. ಎಲ್ಲಾ. ಕಡೀಗೆ ಕೇಳ್ದೆ:

"ನಾ ಮೊದಲ ಹೋದ್ರ?"

ರೊಟ್ಟಿ ಬಿಟ್ಟು ಎದ್ದ. ಟ್ರಕ್ಕಿನ ಕೀ ತಗೊಂಡ. ಬಾಗಿಲ ತನಕ ಹೋಗಿ ನಿಂತ... ತಿರುಗಿ ಬಂದು ಕುಂತ.

"ನಂಗ ಜಳಕ ಮಾಡಸಾಕ ಬರೂದಿಲ್ಲ. ಕಲಿಸು."

"ನಮ್ಮಾಗ ಇಲ್ಲಲ್ಲೋ."

"ಗೊತ್ತೈತಿ. ಕಲಿಸು."

ತಾಟು ಬದಿಗಿ ಸರಿಸಿದೆ. ಕೈ ಕೊಡು ಅಂದೆ. ಕೊಟ್ಟ. ಮೊದಲು ಇಲ್ಲಿಂದ, ಅಂದೆ, ಮೆತ್ತಗ—