ಹೆಸರುಗಳ ಪಟ್ಟಿ ಕೇಳಿದ್ದಕ್ಕೆ

ಕಂಪ್ಲಿ
10 ಜುಲೈ 2025, ಗುರುವಾರ

ಸುಧಾರಾಣಿಗೆ,

‘ಪ್ರೀತಿಯ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಇದು ಮೂರನೆಯ ಹಾಳೆ. ಇನ್ನು ಹರಿಯುವುದಿಲ್ಲ, ಬಾಯಿಗೆ ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ. ಓದುವುದು ಬಿಡುವುದು ನಿನಗೆ ಬಿಟ್ಟಿದ್ದು.

ನಿನ್ನೆ ನಾನು ಹೊಲಿಗೆ ಮಷಿನ್ ಮುಂದೆ ಕೂತಿದ್ದಾಗ ನಿನ್ನ ಮೆಸೇಜ್ ಬಂತು. ಮೊಹರಂ ಓದಿಕೆಯಲ್ಲಿ ನಮ್ಮ ಅಬ್ಬಾ ಹೇಳುತ್ತಿದ್ದ ಊರಿನ ಸತ್ತವರ ಹೆಸರನ್ನೆಲ್ಲ ನಾನು ಪಟ್ಟಿ ಮಾಡಿ ಕಳಿಸಬೇಕಂತೆ. ಮುಂದಿನ ವರ್ಷ ಅದನ್ನು ನಿನ್ನ ಗಂಡ ಪಂಪೇಶ ಓದುತ್ತಾನಂತೆ. ಕೆಳಗೆ ಕೈ ಮುಗಿದ ಚಿತ್ರ ಬೇರೆ! ಎಷ್ಟು ಧೈರ್ಯವೇ ನಿನಗೆ! ಗಾಯದ ಮೇಲೆ ಬರೆ ಎಳೆಯುವುದನ್ನು ಕೇಳಿದ್ದೆ, ಬರೆ ಎಳೆದು ಕೈ ಮುಗಿಯುವುದನ್ನು ಈಗಲೇ ನೋಡಿದ್ದು.

ನಲವತ್ತು ವರ್ಷ ಅಬ್ಬಾ ನಮ್ಮೂರ ಮಸೂತಿಯ ಮುಜಾವರರಾಗಿದ್ದರು. ಊರಿಗೆಲ್ಲ ನಮ್ಮದೊಂದೇ ಸಾಬರ ಮನೆ. ಮೊಹರಂ ಬಂದರೆ ಅಲಾಯಿ ದೇವರ ಪಂಜಾಗಳನ್ನು ಕೂಡಿಸುವುದು ಅಬ್ಬಾ. ಬೆಂಕಿಯ ಕುಣಿ ತೋಡುವುದು, ಸುತ್ತ ಕುಣಿಯುವುದು, ಹರಕೆ ಹೊತ್ತು ಫಕೀರರಾಗುವುದು ಎಲ್ಲ ನಿಮ್ಮವರೇ. ನಿನ್ನ ಪಂಪೇಶನೂ ಹತ್ತು ವರ್ಷದವನಾಗುವ ತನಕ ಫಕೀರನಾಗಿ ಮನೆಮನೆ ತಿರುಗಿದವನು. ಸಕ್ಕರೆ ತಂದವರನ್ನು ಅಬ್ಬಾ ಕೇಳುತ್ತಿದ್ದುದು ಒಂದೇ ಮಾತು, “ಯಾರ ಹೆಸರಿಗೆ ಓದ್ಲಿ?” ಅಂತ. ಅವರು ತಮ್ಮ ಮನೆಯ ಸತ್ತವರ ಹೆಸರು ಹೇಳುತ್ತಿದ್ದರು, ಅಬ್ಬಾ ಓದಿ, ಆ ಹೆಸರು ಸೇರಿಸಿ, ಸಕ್ಕರೆ ವಾಪಸ್ ಕೊಡುತ್ತಿದ್ದರು. ಈಚೆಗೆ ಕೇಳುವುದನ್ನೂ ಬಿಟ್ಟಿದ್ದರು. ಮುಖ ನೋಡಿದರೆ ಸಾಕು, ಆ ಮನೆಯ ಹೆಸರುಗಳೆಲ್ಲ ಅವರಿಗೆ ನೆನಪಿಗೆ ಬರುತ್ತಿದ್ದವು.

ಈ ವರ್ಷ ಹೊಸಪೇಟೆಯಿಂದ ಮೂವರು ಬಂದು ಸಭೆ ಮಾಡಿ ಹೋದರಲ್ಲ, ಹಿಂದೂಗಳ ಊರಲ್ಲಿ ದೇವರ ಮುಂದೆ ಸಾಬ ಯಾಕೆ ಕೂಡಬೇಕು ಎಂದು ಕೇಳಿದರಲ್ಲ, ಆಗ ಊರಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹಿರಿಯರು ಮಾತ್ರ ಓದಿಕೆ ನಿಂತರೆ ಊರಿಗೆ ಕೇಡು ಎಂದು ಹಟ ಹಿಡಿದರು. ಅವರಿಗೂ ಬೇಕಾದದ್ದು ಓದಿಕೆ, ಅಬ್ಬಾ ಅಲ್ಲ. ನಿನ್ನ ಗಂಡ ಇಬ್ಬರಿಗೂ ಒಪ್ಪುವ ದಾರಿ ಹುಡುಕಿದ. ಓದಿಕೆ ಇರಲಿ, ಸಾಬರು ಬೇಡ, ನಾನೇ ಓದುತ್ತೇನೆ ಎಂದ.

ಮರುದಿನ ಠಾಣೆಯಿಂದ ಬಂದವರು, ಹತ್ತು ದಿನ ಮಸೂತಿ ಕಡೆ ಹೋಗುವುದಿಲ್ಲ ಎಂಬ ಕಾಗದ ತಂದರು. ಶಾಂತಿಗಾಗಿ ಅಂತೆ! ಗಲಾಟೆ ಮಾಡುತ್ತೇವೆ ಎಂದವರು ಆರಾಮಾಗಿ ತಿರುಗಾಡಿಕೊಂಡಿದ್ದರು, ಬರೆಸಿಕೊಂಡದ್ದು ಎಪ್ಪತ್ತು ದಾಟಿದ ಮುದುಕನಿಂದ. ಉರ್ದುವಿನಲ್ಲಿ ಸಹಿ ಮಾಡುತ್ತೇನೆ ಎಂದರೂ ಕೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನಿನ್ನ ಶಾಲೆಯ ಮಕ್ಕಳಿಗೆ ದಿನಾ ಬೆಳಿಗ್ಗೆ ಸಂವಿಧಾನದ ಪೀಠಿಕೆ ಹೇಳಿಕೊಡುತ್ತೀಯಲ್ಲ, ಉಪಾಸನಾ ಸ್ವಾತಂತ್ರ್ಯ ಎಂಬಲ್ಲಿಗೆ ಬಂದಾಗ ನಿನ್ನ ನಾಲಿಗೆ ತೊಡರುವುದಿಲ್ಲವೇ ಟೀಚರಮ್ಮ?

ಮೊಹರಂನ ಐದನೆಯ ದಿನ ಪಂಪೇಶ ಮನೆಗೆ ಬಂದ. ಪ್ರತಿ ಮೊಹರಂನಂತೆ ನಾನೂ ಬಂದಿದ್ದೆ, ಒಳಗಿದ್ದೆ. “ಸಾಬ್ರ, ಸಿಟ್ಟಾಗಬ್ಯಾಡ್ರಿ. ಮಸೂತಿ ಕೀಲಿ ಕೊಡ್ರಿ. ಹಂಗ ಆ ಓದೋದನ್ನ ಕನ್ನಡದಾಗ ಬರ್ಸಿ ಕೊಡ್ರಿ” ಎಂದ. ಅಬ್ಬಾ ಉಗಿದು ಕಳಿಸುತ್ತಾರೆ ಅಂದುಕೊಂಡೆ. ಕೀಲಿ ಕೊಟ್ಟರು. ಅವರಿಗೆ ಕನ್ನಡ ಬರೆಯಲು ಬಾರದು, ನನ್ನನ್ನು ಕರೆದರು. ಅವರು ಹೇಳುತ್ತ ಹೋದರು, ನಾನು ನೋಟ್‌ಬುಕ್‌ನಲ್ಲಿ ಬರೆಯುತ್ತ ಹೋದೆ. ಹೌದು, ಬರೆದುಕೊಟ್ಟವಳು ನಾನೇ. ಒಂದಕ್ಷರ ತಪ್ಪಿಲ್ಲದೆ ಬರೆದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ. ತೋರಣಗಲ್ಲಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಕೂತು ಅವನು ಅದನ್ನು ಬಾಯಿಪಾಠ ಮಾಡಿದನಂತೆ. ನಿಮಗೆ ಬೆಂಕಿ ಬೇಕು, ಕುಣಿತ ಬೇಕು, ಓದಿದ ಸಕ್ಕರೆ ಬೇಕು, ಓದುವ ಬಾಯಿ ಮಾತ್ರ ಬೇಡ.

ಮೈಕ್ ಹಿಡಿದು ಚೆನ್ನಾಗಿಯೇ ಓದಿದ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯವರೆಗೂ ಕೇಳಿಸಿತು. ಆದರೆ ಯಾರ ಹೆಸರಿಗೆ ಎಂದು ಅವನು ಒಬ್ಬರನ್ನೂ ಕೇಳಲಿಲ್ಲ. ಕೇಳಬೇಕೆಂದು ಗೊತ್ತಿದ್ದರೆ ತಾನೆ! ನೋಟ್‌ಬುಕ್‌ನಲ್ಲಿ ಅದು ಇರಲಿಲ್ಲ. ಬರೆಸುವಾಗ ಅಬ್ಬಾನಿಗೂ ಹೊಳೆಯಲಿಲ್ಲ, ಮನೆಗೆ ಬಂದವರಿಗೆ ನೀರು ಕೊಡಬೇಕು ಎಂದು ಯಾರು ಬರೆಸುತ್ತಾರೆ? ಹತ್ತನೆಯ ದಿನದ ಹೊತ್ತಿಗೆ ಮುದುಕಿಯರಲ್ಲಿ ಗುಸುಗುಸು ಶುರುವಾಯಿತು, ನಮ್ಮವರ ಹೆಸರು ಬಂದಿಲ್ಲ, ನಮ್ಮವರದೂ ಬಂದಿಲ್ಲ ಅಂತ.

ಆ ಮಧ್ಯಾಹ್ನ ದೇವರು ಹೊಳೆಗೆ ಹೊರಡುವ ಮುಂಚೆ ನಿನ್ನ ಅತ್ತೆ ಉಚ್ಚಂಗೆಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಿದ್ದಳು, ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು. ನಿನಗೆ ಹೇಳಿರಲಿಕ್ಕಿಲ್ಲ. ಸಂಡೂರಿನ ಗಣಿಯಲ್ಲಿ ಮಣ್ಣು ಕುಸಿದು ಸತ್ತ ನಿನ್ನ ಮಾವ ಓಬಳಪ್ಪನ ಹೆಸರು ಒಂದು ವರ್ಷವೂ ತಪ್ಪಿರಲಿಲ್ಲ. “ಯವ್ವಾ, ನಿಮ್ಮಪ್ಪನ್ನ ಕರಿಯವ್ವ, ನನ್ನ ಗಂಡನ ಹೆಸರು ಬರ್ಲಿಲ್ಲ” ಎಂದು ಅತ್ತಳು. ಅಬ್ಬಾ ಒಳಗೆ ನಮಾಜಿಗೆ ನಿಂತಿದ್ದರು. ನಿಮ್ಮ ಮಗ ಓದಿದ್ದಾನಲ್ಲ, ಅವನನ್ನೇ ಕೇಳ್ರಿ ಎಂದು ಹೇಳಿ ಬಾಗಿಲು ಹಾಕಿದೆ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು ಅವಳು. ತಪ್ಪು ಮಾಡಿದೆ, ಒಪ್ಪುತ್ತೇನೆ. ನನ್ನನ್ನು ಅಂಥವಳನ್ನಾಗಿ ಮಾಡಿದಿರಲ್ಲ, ಆ ಸಿಟ್ಟೂ ನಿಮ್ಮ ಮೇಲೆಯೇ. ಅಬ್ಬಾನಿಗೆ ಇದನ್ನು ಹೇಳಿಲ್ಲ. ಮರುದಿನವೇ ಅವರನ್ನು ಕಂಪ್ಲಿಗೆ ಕರೆದುಕೊಂಡು ಬಂದೆ.

ಪಂಪೇಶ ಹೋಗಲಿ, ಅವನು ಯಾರೋ ಊದಿದ ಕಡೆ ವಾಲುವವನು. ನೀನು? ಒಂದೇ ಬೆಂಚಿನಲ್ಲಿ ಏಳು ವರ್ಷ ಕೂತವಳು, ಆ ಹತ್ತು ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಕಿರಾಣಿ ಅಂಗಡಿ ಹತ್ತಿರ ನನ್ನನ್ನು ಕಂಡು, ಬಾರದ ಫೋನ್ ಕಿವಿಗಿಟ್ಟುಕೊಂಡು ಹೊರಳಿದೆ. ನಿನಗೆ ಗೊತ್ತಿಲ್ಲದ್ದೊಂದು ಹೇಳುತ್ತೇನೆ ಕೇಳು. ನಿನ್ನ ಮೊದಲ ಕೂಸು ಹೆಸರಿಡುವ ಮೊದಲೇ, ಹನ್ನೊಂದು ದಿನಕ್ಕೆ ಹೋಯಿತಲ್ಲ. ಅದರ ಹೆಸರಿಗೆ ನೀನು ಎಂದೂ ಸಕ್ಕರೆ ತರಲಿಲ್ಲ. ಅಬ್ಬಾ ತಾವಾಗಿಯೇ ಪ್ರತಿ ವರ್ಷ ‘ಸುಧಾರಾಣಿಯ ಕೂಸು’ ಎಂದು ಸೇರಿಸಿ ಓದುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಕಿವಿಯಾರೆ ಕೇಳಿದ್ದೇನೆ. ಈ ಸಲ ಅದನ್ನು ನೆನೆಯುವವರು ಯಾರೂ ಅಲ್ಲಿರಲಿಲ್ಲ.

ಪಟ್ಟಿ ಕಳಿಸುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದವರು ನೀವು, ಈಗ ನಡುನೀರಿನಲ್ಲಿ ನಿಂತು ಕೂಗಿದರೆ? ಆ ಹೆಸರುಗಳು ಬೇಕಾದರೆ ಆ ಮನುಷ್ಯನೂ ಬೇಕು. ಪಂಪೇಶ ಕೀಲಿ ಹಿಡಿದುಕೊಂಡು ಕಂಪ್ಲಿಗೆ ಬರಲಿ, ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ವಾಪಸ್ ತರಲಿ, ಊರ ಮುಂದೆ ಅಬ್ಬಾನನ್ನು ಮಸೂತಿಗೆ ಕರೆದುಕೊಂಡು ಹೋಗಿ ಕೂಡಿಸಲಿ. ಅಲ್ಲಿಯವರೆಗೆ ನನಗೆ ಮೆಸೇಜ್ ಹಾಕಬೇಡ. ಇಲ್ಲಿ ಅಬ್ಬಾ ಸರಿಯಾಗಿ ಉಣ್ಣುತ್ತಿಲ್ಲ. ಊರಿಗೆ ಯಾವಾಗ ಹೋಗೋಣ ಎಂದು ದಿನಾ ಕೇಳುತ್ತಾರೆ. ಏನು ಹೇಳಲಿ, ನೀನೇ ಹೇಳು.

ಸಿಟ್ಟು ಇಳಿಯದ,
ಹೊನ್ನೂರಬಿ

ತಾ.ಕ.: ಲಕೋಟೆ ಅಂಟಿಸುವಾಗ ಯಾರಿಗೆ ಕಾಗದ ಎಂದು ಅಬ್ಬಾ ಕೇಳಿದರು. ನೀನು ಕೇಳಿದ್ದನ್ನು ಹೇಳಿದೆ. ತಕ್ಷಣ ಪೆನ್ನು ತಗೋ ಎಂದರು. ಬರೆಯುವುದಿಲ್ಲ ಎಂದು ಜಗಳ ಮಾಡಿದೆ. ಸತ್ತವರ ಮೇಲೆ ನಿನಗೆಂಥ ಸಿಟ್ಟು ಎಂದು ಗದರಿಸಿ ಬರೆಸಿದರು. ಪಟ್ಟಿ ಇದರ ಜೊತೆಗಿದೆ. ಪಂಪೇಶನಿಗೆ ಹೇಳು, ಮೈಕ್ ಹತ್ತಿರ ಹಿಡಿದು ಪೂರ್ತಿ ಓದಬೇಕು. ಕೊನೆಯ ಹೆಸರು ಅಬ್ಬಾನದೇ, ಶಾಷಾವಲಿ ಎಂದು. ನಾನು ಕೈತಪ್ಪಿ ಬರೆದದ್ದಲ್ಲ. ಬದುಕಿರುವವರ ಹೆಸರು ಹೇಗೆ ಬರೆಯಲಿ ಎಂದು ಅತ್ತುಬಿಟ್ಟೆ. ಊರಲ್ಲಿ ನನ್ನನ್ನು ಮಣ್ಣು ಮಾಡಲು ಬಿಡುತ್ತಾರೋ ಇಲ್ಲವೋ, ಹೆಸರನ್ನಾದರೂ ಓದಲಿ ಎಂದರು.