ಒರೆಸಿದ ಸುಣ್ಣದ ಗೆರೆ

ಸಾಗರ
೧೨-೧೦-೧೯೯೯

ಲೈನ್‌ಮನ್ ವಾಸಪ್ಪನವರಿಗೆ ಜೂನಿಯರ್ ಎಂಜಿನಿಯರ್ ಸೀತಾರಾಮಪ್ಪನ ನಮಸ್ಕಾರಗಳು.

ನೀವು ಅಮಾನತಾಗಿ ನಿಮ್ಮೂರು ಮೇಳಿಗೆಗೆ ಹೋದ ಮೇಲೆ ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಗಾಜಿನೆಳೆಯ ಫೋನ್ ಕೇಬಲ್ಲಿನಿಂದ ಉಂಗುರದಂತೆ ಸುತ್ತಬೇಕು, ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಮಾತು ಹೋಗಬೇಕು ಎಂದು ನಿಮಗೆಲ್ಲ ಪಾಠ ಹೇಳಿದವನು ನಾನೇ. ಸಾಗರದಿಂದ ಹೊರಡುವ ಕೇಬಲ್ಲಿಗೆ ರಸ್ತೆಬದಿ, ಸುತ್ತಿ ಬರುವುದಕ್ಕೆ ಕೆರೆಯಾಚೆಯ ಕಾಲುದಾರಿ ಎಂದು ನೀವು ಎರಡು ಸುಣ್ಣದ ಗೆರೆ ಎಳೆದಿರಿ. ಕಾಲುದಾರಿಯಲ್ಲಿ ಕಲ್ಲುನೆಲವಿತ್ತು, ಉದ್ಘಾಟನೆ ಹತ್ತಿರವಿತ್ತು. ಆ ಗೆರೆಯನ್ನು ನಾನು ಬೂಟಿನಿಂದ ಒರೆಸಿ, ಎರಡನ್ನೂ ರಸ್ತೆಬದಿಯಲ್ಲೇ ಹೂಳಲು ಹೇಳಿದೆ.

"ಎರಡನ್ನೂ ಒಂದೇ ಗುಂಡೀಲಿ ಹಾಕಿದ್ರೆ ಉಂಗುರ ಎಂತಕ್ಕೆ ಸಾರ್?" ಎಂದಿರಿ.

"ನೀನು ಗುಂಡಿ ತೆಗಿ, ನಕ್ಷೆ ನಾನು ನೋಡ್ಕೊಳ್ತೀನಿ" ಎಂದೆ. ಆಳುಗಳು ನಕ್ಕರು.

ನಕ್ಷೆಯಲ್ಲಿ ಮಾತ್ರ ಎರಡು ದಾರಿ ಬರೆದೆ. ನೀರಿನ ಪೈಪಿಗೆ ಅಗೆದವರ ಒಂದೇ ಪಿಕಾಸಿ ಏಟಿಗೆ ಎರಡೂ ಕಡಿದವು. ಎರಡು ದಿನ ಸಾಗರದಿಂದ ಆ ಊರುಗಳಿಗೆ ಫೋನೇ ಹೋಗಲಿಲ್ಲ. "ನಕ್ಷೆ ಬಿಟ್ಟು ಹೀಗ್ಯಾಕೆ ಹೂತ್ರು?" ಎಂದು ಮೇಲಧಿಕಾರಿ ಕೇಳಿದಾಗ ನೀವು ನನ್ನ ಮುಖ ನೋಡಿದಿರಿ. ನಾನು ಸುಮ್ಮನಿದ್ದೆ.

ಸೋಮವಾರದ ವಿಚಾರಣೆಗೆ ಈ ಪತ್ರ ತನ್ನಿ. ಅಲ್ಲಿ ನಾನು ಮತ್ತೆ ಸುಮ್ಮನಾದರೆ ಇದನ್ನು ಓದಿಸಿ.

ನಿನ್ನೆ ಕಾಲುದಾರಿಯಲ್ಲಿ ನಾನೇ ಸುಣ್ಣ ಹಾಕಿದೆ. ಗೆರೆ ಸೊಟ್ಟಗಾಗಿದೆ. ಅಗೆಯುವ ಮೊದಲು ನೀವು ಬಂದು ನೇರ ಮಾಡಿಕೊಡಬೇಕು.

ಇಂತಿ,
ಆ ನಕ್ಷೆ ಬರೆದ
ಸೀತಾರಾಮಪ್ಪ